ಶಾಲೆಯ ಬಾವಿಗೊಂದು ಸಾಕ್ಷಿ

ಇನ್ನಂಜೆಯ ಗದ್ದೆಗಳ ಮೇಲೆ ಇನ್ನೂ ಮಂಜು ಕೂತಿದೆ. ಮನೋರಮಾ ದೇವರಿಗೆ ದೀಪ ಹಚ್ಚಿ, ಸೆರಗಿನಿಂದ ಕೀಬೋರ್ಡಿನ ಧೂಳು ಒರೆಸಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಫೋನಿನ ತಂತಿಯ ಇಂಟರ್‌ನೆಟ್ಟು ಕಿರುಗುಟ್ಟಿ ಎದ್ದೇಳುವಷ್ಟರಲ್ಲಿ ಗಂಡ ಧರ್ಮಪಾಲ ಚಹಾ ತಂದಿಡುತ್ತಾರೆ. “ಇದಕ್ಕೂ ಒಂದು ದೀಪ ಇಡಬೇಕಾ ಮಾರಾಯ್ತಿ?”

ಕಾರ್ಕಳದ ಕಾಲೇಜೊಂದರ ಗ್ರಂಥಾಲಯದಲ್ಲಿ ಅವರು ಸಹಾಯಕಿ. ಬಸ್ಸು ಹಿಡಿಯುವ ಮೊದಲಿನ ಈ ಹೊತ್ತು ಮಾತ್ರ ವಿಕಿಪೀಡಿಯಕ್ಕೆ. ಯಾರು ಬೇಕಾದರೂ ಬರೆದು ತಿದ್ದಬಹುದಾದ ಈ ವಿಶ್ವಕೋಶದ ಕನ್ನಡ ಪುಟಗಳಿಗೆ ಬರುವ ಹೊಸಬರಿಗೆ, ಬರೆದ ಮಾತಿಗೆ ನಂಬುವಂಥ ಆಧಾರ ಕೊಡುವುದನ್ನು ಅವರು ಕಲಿಸುತ್ತಾರೆ. ಸಂಬಳವಿಲ್ಲ, ಬೈಗುಳ ಉಂಟು. “ನಮ್ಮ ಊರಿನ ಸುದ್ದಿ ನಮಗಿಂತ ನಿಮಗೆ ಹೆಚ್ಚು ಗೊತ್ತಾ ಅಂತ ಕೇಳ್ತಾರೆ. ಕೇಳಲಿ,” ಎನ್ನುತ್ತಾರೆ.

ಶಿರ್ವದ ಲೊರ್ನಾ ಹಾಗೆ ಸಿಟ್ಟಾದವರಲ್ಲಿ ಒಬ್ಬಳು. ಮನೆ ಪಕ್ಕದ ಹಳೆಯ ಶಾಲೆಯ ಬಗ್ಗೆ ಪುಟ ಬರೆದಿದ್ದಳು. ಶಾಲೆಯ ಬಾವಿಯನ್ನು ತನ್ನ ಅತ್ತೆ ಬರ್ತಾಬಾಯಿಯ ತಂದೆ “ಬೆಳದಿಂಗಳನ್ನೇ ಲಾಟೀನು ಮಾಡಿಕೊಂಡು ಒಬ್ಬರೇ ತೋಡಿದರು” ಎಂಬ ಸಾಲೂ ಇತ್ತು. ಹಾಸಿಗೆ ಹಿಡಿದ ಅತ್ತೆಗೆ, ಅವಳ ‘ಮಾಂಯ್’ಗೆ, ಅದನ್ನೊಮ್ಮೆ ಓದಿ ಹೇಳಬೇಕೆಂಬುದು ಸೊಸೆಯ ಆಸೆ. ಮನೋರಮಾ ಆಧಾರ ಕೇಳಿದರು.

“ಮಾಂಯ್ ಇದ್ದಾರಲ್ಲ ಅಕ್ಕ, ಅವರನ್ನೇ ಕೇಳಿ!”

“ನಾನು ಕೇಳಬಹುದು. ಬೀದರಿನಲ್ಲಿ ಕೂತು ಈ ಪುಟ ಓದುವವರು ಅವರನ್ನು ಎಲ್ಲಿ ಹುಡುಕಿಕೊಂಡು ಬರುವುದು?”

ಕೆಲವು ವಾರಗಳ ನಂತರ ಲೊರ್ನಾ ಪತ್ರಿಕೆಯ ತುಣುಕು ಹಿಡಿದು ಗ್ರಂಥಾಲಯಕ್ಕೇ ಓಡಿ ಬಂದಳು. ಬಾವಿಯ ಕಥೆ ಅಚ್ಚಾಗಿತ್ತು. ಅದೇ ಬೆಳದಿಂಗಳು, ಅದೇ ಲಾಟೀನು.

ಮನೋರಮಾ ಅವಳ ಕೈ ಹಿಡಿದುಕೊಂಡರು. “ಇದು ನಿನ್ನ ಮಾತೇ ಲೊರ್ನಾ. ವರದಿಗಾರರು ನಿನ್ನ ಪುಟ ನೋಡಿ ಬರೆದಿದ್ದಾರೆ. ನಿನ್ನ ಮಾತಿಗೆ ನೀನೇ ಸಾಕ್ಷಿ ಆಗ್ಲಿಕ್ಕೆ ಆಗ್ತದಾ?”

“ಹಾಗಾದ್ರೆ ಮಾಂಯ್‌ಗೆ ಎಂತ ಹೇಳ್ಲಿ?” ಲೊರ್ನಾಳ ಕಣ್ಣು ತುಂಬಿತು.

ಇಬ್ಬರೂ ಕಪಾಟುಗಳನ್ನು ಹುಡುಕಿದರು. ಶಿಕ್ಷಣದ ಇತಿಹಾಸ ಹೇಳುವ ಹಳೆಯ ಪುಸ್ತಕವೊಂದರಲ್ಲಿ ಒಂದೇ ಒಂದು ಸಾಲು ಸಿಕ್ಕಿತು: ಊರವರು ಸೇರಿ ಶಾಲೆಗೆ ಬಾವಿ ತೋಡಿದರು. ಲೊರ್ನಾ ಬೆಳದಿಂಗಳನ್ನು ತಾನೇ ಅಳಿಸಿದಳು. ಪುಸ್ತಕದ ಹೆಸರು, ಪುಟಸಂಖ್ಯೆ ಕೊಟ್ಟು ಹೊಸ ಸಾಲು ಬರೆದಳು.

ಆ ಭಾನುವಾರ ಚರ್ಚಿನ ಪೂಜೆ ಮುಗಿಯುವ ಹೊತ್ತಿಗೆ ಮನೋರಮಾ ಶಿರ್ವಕ್ಕೆ ಹೋಗಿ, ಬರ್ತಾಬಾಯಿಯ ಹಾಸಿಗೆಯ ಬದಿಯಲ್ಲಿ ಕೂತು ಪುಟವನ್ನು ಓದಿದರು. ಜಪಮಾಲೆಯ ಮೇಲೆ ಮುದುಕಿಯ ಬೆರಳು ನಿಂತಿತು.

“ತಂದೆಯ ಹೆಸರು ಬರಲಿಲ್ಲ ಬಾಯಮ್ಮ,” ಎಂದರು ಮನೋರಮಾ.

“ಊರವರು ಅಂತ ಉಂಟಲ್ಲ? ಅಪ್ಪ ಅದರಲ್ಲಿದ್ದಾರೆ. ಬಾವಿ ಒಬ್ಬರೇ ತೋಡ್ಲಿಕ್ಕೆ ಆಗ್ತದಾ? ಮಣ್ಣು ಹೊತ್ತವರು ಬೇಡವಾ?”

“ಒಬ್ಬರೇ ಅಂತ ನೀವೇ ಹೇಳಿದ್ದಲ್ವಾ ಮಾಂಯ್?” ಎಂದಳು ಲೊರ್ನಾ.

“ಅಪ್ಪ ತೋಡಿದ್ದು ಅಂತ ಹೇಳಿದ್ದು ನಾನು. ಒಬ್ಬರೇ ಅಂತ ಬರೆದದ್ದು ನೀನು, ಬಾಯೆ.” ಬೆರಳು ಮತ್ತೆ ಮಣಿಯಿಂದ ಮಣಿಗೆ ಸರಿಯಿತು.

ಈಗ ಹೊಸಬರು ಸಿಟ್ಟು ಮಾಡಿಕೊಂಡರೆ ಸಮಾಧಾನ ಹೇಳುವವಳು ಲೊರ್ನಾ. ಆ ಶಾಲೆಯ ಪುಟದಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಮನೋರಮಾ ಬಸ್ಸಿಗೆ ಚೀಲ ಎತ್ತಿಕೊಳ್ಳುತ್ತಾ ನಗುತ್ತಾರೆ:

“ನಾನು ಮಣ್ಣು ಹೊತ್ತವರ ಪೈಕಿ.”