ಕಾವಲಿ ಕಾಯುವ ತನಕ

ಆ ದಿನ ಬೆಳಿಗ್ಗೆಯೂ ಎಂದಿನಂತೆ ನೀರುದೋಸೆ. ನೆನೆಸಿಟ್ಟ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು, ಹಿಟ್ಟು ತೆಳ್ಳಗೆ ಮಾಡಿ, ಕಾವಲಿ ಇಟ್ಟಿದ್ದೆ. ಒಂಬತ್ತನೇ ತರಗತಿಯ ಮಗಳು ವಾಲಿಬಾಲ್ ತಂಡದ ನೀಲಿ ಅಂಗಿ ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು. ಜಡೆಯನ್ನು ಅವಳು ಮೂರು ಸಲ ಬಿಚ್ಚಿ ಹೆಣೆದದ್ದನ್ನು ನೋಡಿಯೂ ನೋಡದಂತಿದ್ದೆ.

"ಅಮ್ಮಾ, ಅಜ್ಜಿ ಈ ಸಲನೂ ಹರಕೆ ಹೇಳ್ಕಂಡಿದ್ರಾ?"

"ಇಲ್ಲ."

"ನೀನ್?"

"ನಾನೂ ಇಲ್ಲ ಮಗಾ."

ಹಿಂದಿನ ತಿಂಗಳು ಬೈಂದೂರಿನ ಪಂದ್ಯಕ್ಕೆ ಹೊರಡುವ ದಿನ ನನ್ನ ಅತ್ತೆ, ಮೊಮ್ಮಗಳು ಗೆದ್ದರೆ ಹಟ್ಟಿಯಂಗಡಿ ಗಣಪತಿಗೆ ಅಪ್ಪ ಕಜ್ಜಾಯದ ಸೇವೆ ಎಂದು ಹೇಳಿಕೊಂಡಿದ್ದರು. ಅದನ್ನು ಮನಸ್ಸಲ್ಲೇ ಇಟ್ಟುಕೊಳ್ಳಬೇಕಾದವಳು ನಾನು. ಧೈರ್ಯ ಬರಲಿ ಎಂದು ಮಗಳ ಕಿವಿಗೆ ಹಾಕಿದೆ. ಕೊನೆಯ ಸೆಟ್ಟಿನಲ್ಲಿ ಸರ್ವಿಸ್ ಅವಳದಾಯಿತು. ಸೀಟಿ ಆದ ಮೇಲೆ ಎಂಟು ಸೆಕೆಂಡು ಸಮಯವಿರುತ್ತದೆ. ಇವಳು ಸೀಟಿಯ ಜೊತೆಗೇ ಹೊಡೆದಳು, ಚೆಂಡು ನೆಟ್ಟಿಗೆ. ಮತ್ತೆ ಸರದಿ ಬಂದಾಗಲೂ ಹಾಗೆಯೇ; ತಂಡ ಸೋತಿತು. ಮನೆಗೆ ಬಂದವಳು ಊಟ ಮಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ಗಣಪತಿಗೆ ಅಪ್ಪದ್ ಸೇವೆ ತಪ್ಪಿಸ್ದದ್ದ್ ನಾನೇ ಅಲ್ದಾ?"

ಬ್ರಹ್ಮಾವರದ ಪಂದ್ಯ ಒಂದು ಆಡುತ್ತೇನೆ, ಮತ್ತೂ ಹಾಗೇ ಆದರೆ ಬಿಟ್ಟೇ ಬಿಡುತ್ತೇನೆ ಎಂದು ಆಮೇಲೆ ಹೇಳಿದ್ದಳು. ಆ ಪಂದ್ಯ ಇವತ್ತೇ.

ನಾನು ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಪದ್ಯ ಹೇಳಲು ವೇದಿಕೆ ಹತ್ತುವ ಮೊದಲು ಸಿಸ್ಟರ್ ಒಬ್ಬರು ಹೆದರಬೇಡ ಎನ್ನುತ್ತಿರಲಿಲ್ಲ. ನನ್ನ ರಿಬ್ಬನ್ ಬಿಚ್ಚಿ, ನಿಧಾನಕ್ಕೆ ಮತ್ತೆ ಕಟ್ಟುತ್ತಿದ್ದರು, ಅಷ್ಟೇ. ಅದು ನೆನಪಾಗಿ ಮಗಳ ಕೈಗೆ ಸೌಟು ಕೊಟ್ಟೆ.

"ಇವತ್ತ್ ನಿನ್ ದೋಸೆ ನೀನೇ ಹೊಯ್ಯ್."

ಕೊಟ್ಟದ್ದೇ ತಡ, ಹೊಯ್ದಳು. ಕಾವಲಿ ಇನ್ನೂ ಕಾದಿರಲಿಲ್ಲ. ದೋಸೆ ಗಂಜಿಯಂತೆ ಅಂಟಿ ಕೂತಿತು.

"ಕಾಣ್, ನಂಗೆ ಇದೂ ಬತ್ತಿಲ್ಲೆ."

"ಬತ್ತ್. ನೀರ್ ಚಿಮ್ಕ್ಸಿ ಕಾಣ್. ಚೊಂಯ್ ಅನ್ನು ತನ್ಕ ಸುಮ್ನೆ ನಿಲ್ಲ್."

ಕೆರೆದು ತೆಗೆದೆವು. ಅವಳು ಎಡಗೈ ಬೆರಳಿನಿಂದ ನೀರು ಚಿಮುಕಿಸಿ ಕಾದಳು. ಕಿವಿಯ ಹತ್ತಿರ ಏರಿ ನಿಂತಿದ್ದ ಭುಜ ಮೆಲ್ಲಗೆ ಇಳಿಯಿತು. ಮೂರನೆಯ ದೋಸೆಯಲ್ಲಿ ಮೈತುಂಬ ತೂತು. ಅದೊಂದನ್ನೇ ತಿಂದು ಬಸ್ಸಿಗೆ ಹೊರಟಳು. ಮಧ್ಯಾಹ್ನ ನಾನೂ ಹೋದೆ.

ಮೈದಾನದಲ್ಲಿ ಅವಳಿಗೆ ಕಾಣದಂತೆ ಹಿಂದಿನ ಬೆಂಚಿನಲ್ಲಿ ಕೂತೆ. ಅವಳು ಸರ್ವಿಸ್‌ಗೆ ಬಂದಾಗ ಯಾರೋ ಕೂಗಿದರು, "ಹ್ವಾಯ್, ಹೆದ್ರ್‌ಬೇಡ!" ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸೀಟಿ ಆಯಿತು. ಮಗಳು ಹೊಡೆಯಲಿಲ್ಲ. ಎಡಗೈಯ ಬೆರಳುಗಳು ಒಮ್ಮೆ ಚಿಮ್ಮಿದವು, ನೀರು ಚಿಮುಕಿಸಿದ ಹಾಗೆ. ಆಮೇಲೆ ಭುಜ ಇಳಿಯಿತು. ಚೆಂಡು ನೆಟ್ಟಿನ ಮೇಲಿಂದ ದಾಟಿ ಆಚೆ ಮೂಲೆಯಲ್ಲಿ ಬಿತ್ತು.

ಕೊನೆಯ ಸೆಟ್ಟಿನಲ್ಲಿ ಎರಡು ಪಾಯಿಂಟಿನಿಂದ ಮಗಳ ತಂಡ ಪಂದ್ಯ ಸೋತಿತು. ಆದರೆ ಅವಳ ಸರ್ವಿಸ್ ಒಂದೂ ನೆಟ್ಟಿಗೆ ಬೀಳಲಿಲ್ಲ. ಕುಂದಾಪುರದ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಶೂ ಬಿಚ್ಚಿದಳು. ಆಮೇಲೆ ಕೇಳಿದಳು: "ಅಮ್ಮಾ, ಹಿಟ್ಟ್ ಉಳ್ದಿತ್ತಾ?"

ಸಂಜೆ ಪಕ್ಕದ ಮನೆಯ ಅಕ್ಕ ಪಾತ್ರೆ ವಾಪಸು ಕೊಡಲು ಬಂದರು. ಮಗಳು ಅಡುಗೆಮನೆಯಲ್ಲಿ ನಿಂತುಕೊಂಡೇ ಹೊಯ್ಯುತ್ತ, ತಿನ್ನುತ್ತ ಇದ್ದಳು.

"ಎಂತಾ, ಗೆದ್ರ್ಯಾ?"

"ಇಲ್ಲೆ, ಸೋತ್ರ್. ಇದ್ ಆರ್ನೇ ದೋಸೆ," ಎಂದೆ.

ಅಕ್ಕ ಮಗಳ ತಟ್ಟೆಯನ್ನೊಮ್ಮೆ ನೋಡಿ, ಪಾತ್ರೆ ಕೆಳಗಿಟ್ಟು ಹೊರಟರು. "ಸೋತ್ ಬಂದ್ ದಿನವೇ ಆರ್ ದೋಸೆ ತಿಂದ್ರೆ, ಗೆದ್ ಬಂದ್ ದಿನ ಒಂದಿಡೀ ಮುಡಿ ಅಕ್ಕಿ ನೆನ್ಸ್ಕಾತ್ತ್ ಮಾರಾಯ್ತಿ!"