ಒಂದೇ ಕರೆಂಟಿನ ಅನಂತಪದ್ಮನಾಭರು

ಅವರೆಕಾಯಿಯ ಸೊಗಡು ಏಳುವ ಪುಷ್ಯಮಾಸದ ಬೆಳಗುಗಳಲ್ಲಿ, ನಜರ್‌ಬಾದಿನ ಮನೆಯಿಂದ ಸ್ಕೂಟರಿನಲ್ಲಿ ಬಂದಿಳಿದು, ಮಫ್ಲರು ಬಿಚ್ಚುವ ಮೊದಲೇ ಆಸ್ಪತ್ರೆಯ ವಿಕಿರಣ ವಿಭಾಗದ ಬೆಂಚುಗಳತ್ತ ಕಣ್ಣು ಹಾಯಿಸುವುದು ಡಾ. ಅನಂತಪದ್ಮನಾಭ ಅವರ ರೂಢಿ. ಒಳಗೆ ಯಂತ್ರ ಗುಂಯ್ಗುಡುತ್ತಿದ್ದರೆ, ಹೊರಗೆ ಸರದಿ ಕಾಯುವವರ ಕಡೆಯ ಹೆಂಗಸರು ಮಡಿಲಲ್ಲಿ ಕಾಯಿ ಸುಲಿಯುತ್ತಿರುತ್ತಾರೆ. ಕ್ಯಾನ್ಸರನ್ನು ಗುಣಪಡಿಸಿ ಹೆಸರಾದ ವೈದ್ಯರು ಮೈಸೂರು ಸೀಮೆಯಲ್ಲಿ ಹಲವರುಂಟು. ಗುಣವಾಗದಷ್ಟು ಹರಡಿದ ಕ್ಯಾನ್ಸರಿನವರ ನೋವಿಳಿಸುವುದನ್ನೇ ದೊಡ್ಡ ವಿದ್ಯೆಯೆಂದು ಬಗೆದು ಅದರಲ್ಲಿ ಪಳಗಿದವರು, ಈಗ ನಿವೃತ್ತರಾಗುತ್ತಿರುವ ಈ ಹಿರಿಯರು. ನೋವು ಎಷ್ಟಿದೆಯೆಂದು ಅವರು ಮೊದಲು ಕೇಳುವವರಲ್ಲ. "ಯಾವ ಕೆಲಸ ನಿಂತುಹೋಗಿದೆ?" ಎಂಬುದೇ ಅವರ ಮೊದಲ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಹಿನಕಲ್ಲಿನ ಪುಟ್ಟಲಿಂಗಮ್ಮನವರು ಇದಕ್ಕೆ ತಡಮಾಡದೆ ಉತ್ತರ ಕೊಟ್ಟರು. ಸ್ತನದ ಕ್ಯಾನ್ಸರು ಸೊಂಟದ ಮೂಳೆಗೆ ಇಳಿದಿತ್ತು.

"ಕೂಸಿಗೆ ನೀರು ಹುಯ್ಯೋದು ಡಾಕ್ಟ್ರೇ. ಬೀದಿ ಮಕ್ಕಳಿಗೆಲ್ಲ ಹುಯ್ದಿವ್ನಿ. ಈಗ ಮಗಳು ಕೀರ್ತಿಗೇ ದಿನ ತುಂಬ್ತಾ ಅದೆ, ಕಾಲು ಚಾಚಿ ಕುಂತ್ಕಳಕ್ಕೇ ಆಯ್ತಿಲ್ಲ."

ಚಾಚಿದ ಕಾಲ ಮೇಲೆ ಹಸುಗೂಸನ್ನು ಮಲಗಿಸಿ, ಎಣ್ಣೆ ನೀವಿ ನೀರೆರೆಯುವುದರಲ್ಲಿ ಆಕೆಯದು ಎತ್ತಿದ ಕೈ. ಡಾಕ್ಟರು ಎಕ್ಸರೇ ನೋಡಿ, ಮೂಳೆ ಮುರಿಯುವ ಸ್ಥಿತಿಯಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಒಂದೇ ಸಲ ವಿಕಿರಣ ಸಾಕೆಂದರು. ಪುಟ್ಟಲಿಂಗಮ್ಮ ಕೆರಳಿದರು. ವಿಕಿರಣಕ್ಕೆ ಜನರ ಬಾಯಲ್ಲಿ 'ಕರೆಂಟು' ಎಂದೇ ಹೆಸರು. ಹೆಚ್ಚು ಸಲ ಕೊಟ್ಟಷ್ಟೂ ಹೆಚ್ಚು ಉಪಚಾರವೆಂಬ ಎಣಿಕೆ.

"ಪಕ್ಕದ ಬೆಂಚಿನೋಳಿಗೆ ಇಪ್ಪತ್ತೈದು ಕರೆಂಟು, ನಂಗೊಂದೇನಾ? ಸಂತೇಲಿ ಕೊಸರು ಹಾಕೋರೇ ವಾಸಿ!"

"ಅವರದು ಗಡ್ಡೆ ಕರಗಿಸೋಕೆ, ನಿಮ್ಮದು ನೋವಿಳಿಸೋಕೆ ಕಣಮ್ಮ. ವಾರಗಟ್ಟಲೆ ನನ್ನ ಬೆಂಚು ಕಾಯ್ತಾ ಕೂತ್ರೆ ಕೂಸಿಗೆ ನೀರು ಹುಯ್ಯೋರ್ಯಾರು? ಮೊದಮೊದಲು ನೋವು ಕೆರಳಬಹುದು, ಹೆದರಬೇಡಿ."

ಕೆರಳಿಯೇ ಕೆರಳಿತು. ಒಂದು ಕರೆಂಟು ಸಾಲದೆಯೇ ಹೀಗಾಯಿತೆಂದು ಆಕೆ ಫೋನಿನಲ್ಲಿ ಅತ್ತರು. ಸಂಜೆ ಡಾಕ್ಟರ ಸ್ಕೂಟರು ಹಿನಕಲ್ಲಿಗೆ ಹೋಯಿತು. ಮಾತ್ರೆ ಬದಲಿಸಿ, ಕಾಫಿ ಕುಡಿದು, "ಇನ್ನೊಂದು ಕರೆಂಟು ಕೊಡಲ್ಲ, ತಾಳ್ಕೊಳಿ" ಎಂದು ಬಂದರು. ಎಲ್ಲರಿಗೂ ನೋವು ಇಳಿಯುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಆ ವಾರ ಅವರೂ ಸರಿಯಾಗಿ ಊಟ ಮಾಡಲಿಲ್ಲವೆಂದು ಮನೆಯವರು ನೆನೆಯುತ್ತಾರೆ.

ಕೀರ್ತಿ ಹೆತ್ತು ಮನೆಗೆ ಬಂದ ಮೇಲೆ, ಒಂದು ಬೆಳಿಗ್ಗೆ ಪುಟ್ಟಲಿಂಗಮ್ಮ ತಾವೇ ನಡೆದು ಒಳಬಂದು, ಡಾಕ್ಟರ ಕೋಣೆಯ ನೆಲದ ಮೇಲೆ ಕೂತು ಕಾಲು ಚಾಚಿಬಿಟ್ಟರು.

"ನೋಡ್ಕಳಿ! ಹುಯ್ದ್ಬುಟ್ಟೆ. ಬೀದಿಗೆಲ್ಲ ಕೇಳಂಗೆ ಕಿರುಚ್ತು ನನ್ ಬಂಗಾರ! ನಿಮ್ ಋಣ ಮಡಿಕ್ಕಳಕಿಲ್ಲ ನಾನು, ನಿಮ್ ಮೊಮ್ಮಗೀಗೂ ನಾನೇ ಬಂದು ಹುಯ್ತೀನಿ."

"ಮಗನಿಗಿನ್ನೂ ಹೆಣ್ಣೇ ಒಪ್ಪಿಗೆಯಾಗಿಲ್ಲವಲ್ಲಮ್ಮ!"

ಮಗು ನಡೆಯುವವರೆಗೂ ನೀರೆರೆದು, ಮರುವರ್ಷದ ಯುಗಾದಿ ಕಳೆದ ಮೇಲೆ ಪುಟ್ಟಲಿಂಗಮ್ಮ ತೀರಿಕೊಂಡರು. ಈಗ ಕೀರ್ತಿಯವರು ಡಾಕ್ಟರನ್ನು ಕಂಡಲ್ಲೆಲ್ಲ ತಡೆದು ನಿಲ್ಲಿಸುತ್ತಾರೆ: "ಮದುವೆ ಯಾವಾಗ ಸಾರ್? ಅವ್ವನ ಬಾಕಿ ನನ್ನ ತಲೆ ಮೇಲದೆ."

ಡಾಕ್ಟರ ಮಗ ಇನ್ನೂ ಹೆಣ್ಣು ನೋಡುತ್ತಲೇ ಇದ್ದಾರೆ. ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಬೆಂಚುಗಳತ್ತ ಬರಲೊಪ್ಪಿರುವ ಅನಂತಪದ್ಮನಾಭರು, ಆ ಬಾಕಿ ತೀರುವಷ್ಟಾದರೂ ಕಾಲ ಗಟ್ಟಿಮುಟ್ಟಾಗಿ ಬಾಳಲಿ. ಮಗನಿಗೆ ಅವಸರವಿಲ್ಲದಿದ್ದರೆ ಇನ್ನೂ ಒಳ್ಳೆಯದು.