ವೀರಗಲ್ಲಿನ ಮೂಲೆಯಲ್ಲಿದ್ದ ಕೈ

ಎಂ.ಎ. ಓದುವಾಗ ಇಂಗ್ಲೆಂಡಿನ ಒಬ್ಬ ಹಳೆಯ ಕಾಲದ ನೈಟ್‌ನ ಮನೆತನದ ಬಗ್ಗೆ ಪ್ರಬಂಧ ಬರೆದಿದ್ದೆ, ರಜೆಗೆ ಬಂದಾಗ ತಂಗಿಗೂ ಅವನ ಕಥೆ ಹೇಳಿದ್ದೆ. ನೈಟ್ ಅಂದರೆ ಒಡೆಯನಿಗಾಗಿ ಕುದುರೆ ಏರಿ ಕಾದುವ ಸರದಾರ. ಇವನ ಭೂಮಿಯೆಲ್ಲ ಹೆಂಡತಿಯ ಕಡೆಯಿಂದ ಬಂದದ್ದು. ಸತ್ತದ್ದೂ ಅವಳ ಅಣ್ಣತಮ್ಮಂದಿರ ಜಗಳದಲ್ಲಿಯೇ. ಗ್ರಂಥಾಲಯದ ಪುಸ್ತಕದಲ್ಲಿ ಅವನ ಸಮಾಧಿಯ ಚಿತ್ರವಿತ್ತು. ಕಲ್ಲಿನ ಗಂಡ, ಕಲ್ಲಿನ ಹೆಂಡತಿ ಪಕ್ಕಪಕ್ಕ ಮಲಗಿದ್ದಾರೆ, ಅವಳ ಕೈ ಅವನ ಕೈಯೊಳಗಿದೆ. ಆ ಚಿತ್ರ ನನಗೆ ಚೆನ್ನಾಗಿ ನೆನಪಿದೆ. ತೊಂದರೆ ಶುರುವಾದದ್ದು ಅದರಿಂದಲೇ.

ಪದವಿ ಹಿಡಿದು ಹೊಸಪೇಟೆಗೆ ಮರಳಿದಾಗ ಊರಿನ ತುಂಬ ಅದಿರಿನ ಲಾರಿಗಳು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಆ ದಿನಗಳಲ್ಲೇ ನನ್ನ ತಂಗಿಗೆ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಸಂಬಂಧ ಬಂತು. ಹುಡುಗ ಅವಳಿಗೆ ಹಿಡಿಸಿದ್ದ. ತಾನು ಮಾತಾಡುವಾಗ ಪೂರ್ತಿ ಕೇಳಿಸಿಕೊಳ್ಳುತ್ತಾನೆ ಎಂಬುದು ಅವಳು ಕೊಟ್ಟ ಕಾರಣ. ಮಾತುಕತೆ ಮುಗಿದು ಸಕ್ಕರೆ ಹಂಚುವುದಷ್ಟೇ ಉಳಿದಿತ್ತು. ಆಗ ಹುಡುಗನ ತಂದೆ ಅಂದರು:

"ಮದುವಿಗಿಂತ ಮೊದಲು ಸಂಡೂರು ರೋಡಿನ ವೀರಗಲ್ಲಿಗೆ ಹೋಗಿ ಬರಬೇಕ್ರಿ. ನಮ್ಮ ಮನ್ಯಾಗ ಹಂಗ ಪದ್ಧತಿ."

ನಮ್ಮ ದೊಡ್ಡಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಬೇವಿನ ಗಿಡದ ಬುಡಕ ಐತಲ್ಲ, ಅದೇನ್ರಿ?"

"ಹೂನ್ರಿ, ಅದ."

"ಅಯ್ಯ, ಅದು ನಮ್ಮ ಮನಿ ಹಿರಿಯನ ಕಲ್ಲು ಐತ್ರೀ!"

ಒಂದೇ ವೀರನನ್ನು ಹಿರಿಯನೆಂದು ಪೂಜಿಸುವವರು ಒಂದೇ ರಕ್ತದವರು, ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ನಾನು ಅಡುಗೆಮನೆಗೆ ಹೋದರೆ ತಂಗಿ ಸಕ್ಕರೆ ಬಟ್ಟಲು ಹಿಡಿದು ಹಾಗೇ ನಿಂತಿದ್ದಳು. "ಅಣ್ಣಾ, ನೀ ಹಿಸ್ಟರಿ ಓದೀಯಲ್ಲ, ಏನರ ಹೇಳು," ಅಂದಳು.

ಹೊರಗೆ ಬಂದು ನೆನಪಿದ್ದದ್ದನ್ನು ಹೇಳಿದೆ. ಆ ವೀರ ಹೆಂಡತಿಯ ತವರಿನ ದನ ಬಿಡಿಸಲು ಹೋಗಿ ಸತ್ತನೆಂದು ಅಜ್ಜಿ ಹೇಳುತ್ತಿದ್ದಳು. ಕಲ್ಲಿನ ಮೂಲೆಯಲ್ಲಿ ಬಳೆ ತೊಟ್ಟ ಒಂದು ಕೈ ಇದೆ, ಅದು ಅವನ ಹೆಂಡತಿಯದು. ಹಾಗಾದರೆ ಕಂಪ್ಲಿಯವರು ಅವಳ ತವರಿನವರಿರಬಹುದು. ಅಂದರೆ ಅಣ್ಣತಮ್ಮಂದಿರಲ್ಲ, ಬೀಗರು.

ಹೇಳುತ್ತಿದ್ದಂತೆಯೇ ಅನುಮಾನ ಬಂತು. ಹೆಂಡತಿಯ ತವರಿಗಾಗಿ ಸತ್ತವನು ಅಜ್ಜಿಯ ವೀರನೋ, ನನ್ನ ಪ್ರಬಂಧದ ನೈಟೋ? ಆ ಕೈಯನ್ನು ನಾನು ಕಂಡದ್ದು ಕಲ್ಲಿನಲ್ಲೋ, ಪುಸ್ತಕದಲ್ಲೋ?

"ಕೈ ಐತೋ ಇಲ್ಲೋ, ನೆಟ್ಟಗ ಹೇಳಲೇ," ಅಂದರು ದೊಡ್ಡಪ್ಪ.

"ಐತಿ ಅಂತ ನೆನಪು. ಖಾತ್ರಿ ಇಲ್ಲ."

"ಖಾತ್ರಿ ಇಲ್ದ ಮಾತು ಹೇಳಾಕ ಎಂ.ಎ. ಯಾಕ ಬೇಕಿತ್ತೋ? ನಾನ ಹೇಳ್ತಿದ್ನಲ್ಲ!"

ಎಲ್ಲರೂ ನಕ್ಕರು, ಆದರೆ ಸಕ್ಕರೆ ಹಂಚಲಿಲ್ಲ. ಕಲ್ಲನ್ನೇ ನೋಡಿ ತೀರ್ಮಾನಿಸೋಣ ಎಂದಾಯಿತು.

ಮುಂದಿನ ಸೋಮವಾರ ಎರಡೂ ಮನೆಯವರು ಹೋದೆವು. ಬೇವಿನ ಮರದ ಎಲೆಯೂ ಕೆಂಪು, ಕಲ್ಲೂ ಕೆಂಪು. ಕೊಡದಿಂದ ನೀರು ಸುರಿದು ತಿಕ್ಕಿದೆ. ಕತ್ತಿ ಹಿಡಿದ ವೀರ ಕಂಡ, ದನಗಳು ಕಂಡವು, ಮೇಲೆ ಲಿಂಗ ಕಂಡಿತು. ಕೈ ಇರಬೇಕಾದ ಮೂಲೆಯೇ ಇರಲಿಲ್ಲ. ಯಾವುದೋ ಲಾರಿ ತಿರುಗುವಾಗ ಬಡಿದು ಒಡೆದಿತ್ತು.

ಬಂದದ್ದಕ್ಕೆ ಪೂಜೆಯಾದರೂ ಆಗಲಿ ಎಂದು ನಮ್ಮ ದೊಡ್ಡಮ್ಮ ಹೋಳಿಗೆಯ ಎಡೆ ಇಟ್ಟರು. ಹುಡುಗನ ತಾಯಿ ಚೀಲದಿಂದ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ತೆಗೆದು ಕಲ್ಲಿನ ಮುಂದೆ ಸುರಿಯತೊಡಗಿದರು. ದೊಡ್ಡಮ್ಮ ಬೆರಗಾಗಿ ನೋಡಿದರು.

"ಗಂಡಸಿಗೆ ಯಾರರ ಉಡಿ ತುಂಬ್ತಾರೇನ್ರಿ?"

"ಗಂಡಸಿಗಲ್ರೀ ಅಕ್ಕಾರ, ಮಗಳಿಗೆ. ಇದು ನಮ್ಮ ಮಗಳ ಕಲ್ಲು ಅಂತಿದ್ಲು ನಮ್ಮತ್ತಿ. ಎಡಿ ಇಡೋದು ಕೊಟ್ಟ ಮನಿಯವರ ಕೆಲಸ, ನಾವು ಉಡಿ ಅಷ್ಟ ತುಂಬಬೇಕು ಅಂತಿದ್ಲು."

ದೊಡ್ಡಪ್ಪ ತೊಡೆ ತಟ್ಟಿದರು. "ಹಂಗಾದ್ರ ನಿಮ್ಮ ಮನಿ ಮಗಳು ನಮ್ಮ ಮನಿ ಸೊಸಿ! ಹಳೇ ಬೀಗರ ಆದ್ರಲ್ರೀ ನೀವು. ಕುಂದ್ರಿ, ಹೋಳಿಗಿ ತಿನ್ರಿ!"

ಎಲ್ಲರಿಗೂ ಅದು ಸಾಕಾಯಿತು. ನನಗೆ ಮಾತ್ರ ಸಾಕಾಗಲಿಲ್ಲ. ನಾನು ಹೇಳಿದ ಆ ಕೈಯ ಕಥೆಯನ್ನು ಹುಡುಗನ ತಾಯಿ ಹೊಸಪೇಟೆಯಲ್ಲೇ ಕೇಳಿದ್ದರು. ನನ್ನ ತಂಗಿಯನ್ನು ಸೊಸೆ ಮಾಡಿಕೊಳ್ಳುವ ಆಸೆ ಅವರಿಗೂ ಇತ್ತು. ಅತ್ತೆ ನಿಜವಾಗಿ ಹಾಗೆ ಹೇಳಿದ್ದಳೋ, ನನ್ನ ಕಥೆಯೇ ಕಂಪ್ಲಿಗೆ ಹೋಗಿ ಖಣ ತೆಗೆದುಕೊಂಡು ಮರಳಿ ಬಂದಿತ್ತೋ? ಬಾಯಿ ತೆರೆಯುವಷ್ಟರಲ್ಲಿ ತಂಗಿ ನನ್ನ ಮೊಣಕೈ ಹಿಡಿದಳು.

"ಅಣ್ಣಾ, ನಿನ್ನ ಇಂಗ್ಲಿಷ್ ಕುದುರಿಯವನ್ನ ಇಲ್ಲಿಗೆ ಕರ್ಕೊಂಡು ಬರಬ್ಯಾಡ."

ನಾನು ಹೋಳಿಗೆ ತಿಂದೆ. ಮದುವೆಯಾಯಿತು.

ಕೆಲವು ವರ್ಷಗಳ ಮೇಲೆ ತಂಗಿಯೊಂದಿಗೆ ಮತ್ತೆ ಅಲ್ಲಿಗೆ ಹೋಗಿದ್ದೆ. ಈಗ ಉಡಿ ತುಂಬುವವಳು ಅವಳೇ. ಕೊನೆಗೆ ಒಂದಿಷ್ಟು ಹಸಿರು ಬಳೆ ತೆಗೆದು ಒಡೆದ ಮೂಲೆಯ ಮೇಲಿಟ್ಟಳು.

"ಇಲ್ಲೇ ಇತ್ತಲ್ಲ ಕೈ?"

"ಇತ್ತು ಅನ್ನಸ್ತೈತಿ. ನೀ ನೋಡಿದ್ದೇನು?"

"ನೋಡೇನಿ ಬಿಡು. ಸಣ್ಣಾಕಿದ್ದಾಗ, ಅಜ್ಜಿ ಕೂಡ ಬಂದಾಗ. ಬಲಗೈ."

ನನ್ನ ನೆನಪಿನಲ್ಲಿ ಅದು ಎಡಗೈ. ಪುಸ್ತಕದ ಚಿತ್ರದಲ್ಲಿ ಯಾವ ಕೈ ಇತ್ತೆಂದು ಯೋಚಿಸುತ್ತ ಬಸ್ಸಿನಲ್ಲಿ ಹೊಸಪೇಟೆಯವರೆಗೂ ಬಂದೆ. ನೆನಪಾಗಲಿಲ್ಲ.